ಪರದೆಗೂ ಒಂದು ಅಗ್ನಿಪರೀಕ್ಷೆ

ನಮ್ಮ ಹಾಸ್ಟೆಲ್ಲಿನಲ್ಲಿ ಯಾದಗಿರಿ ಕಡೆಯವರು ನಾವು ಐದು ಜನ. ಒಬ್ಬನ ಊರು ರಾಮಸಮುದ್ರ. ಹತ್ತಿ ಬೆಳೆಯುವ ಸೀಮೆಯವರಾದ್ದರಿಂದ ಹತ್ತಿಯ ರೇಟು, ಜಿನ್ನಿಂಗ್ ಮಿಲ್ಲು ನಮಗೆ ಗೊತ್ತು. ಆದರೆ ಬಟ್ಟೆಗೂ ನಮ್ಮ ಸೆಮಿಸ್ಟರ್‌ಗಿಂತ ಕಟ್ಟುನಿಟ್ಟಾದ ಪರೀಕ್ಷೆ ಇರುತ್ತೆ ಅಂತ ತಿಳಿದದ್ದು ಆ ಗೆಳೆಯನ ಕಾಕಿಯಿಂದ.

ಕಾಕಿ ಲಂಬಾಣಿ ಕಸೂತಿ ಮಾಡ್ತಾರೆ. ಕನ್ನಡಿ ಚೂರು, ಬಣ್ಣದ ದಾರ ಹಾಕಿ ಹೊಲಿದ ಅವರ ಪರದೆ ಒಬ್ಬ ವ್ಯಾಪಾರಿಗೆ ಹಿಡಿಸಿತು. ಹೊರದೇಶದ ಹೋಟೆಲ್ಲಿಗೆ ಬೇಕು ಅಂದರು. ಸ್ಯಾಂಪಲ್ ಒಪ್ಪಿಗೆ ಆದಮೇಲೆ ಫೈರ್ ಸರ್ಟಿಫಿಕೇಟ್ ಕೇಳಿದರು. ಕಾಕಿ ಫೋನ್ ಮಾಡಿದರು: "ಅರಿವಿಗೆ ಬೆಂಕಿ ಹತ್ತಂಗಿಲ್ಲ ಅಂತ ಚೀಟಿ ಯಾರು ಕೊಡ್ತಾರಪ್ಪ? ಇಂಜಿನಿಯರಿಂಗ್ ಓದ್ತೀರಲ್ಲ, ಹೇಳ್ರಿ."

ನಾವು ಓದೋಕೆ ಕೂತೆವು. ಒಂದು ವಸ್ತು ಉರಿಯುತ್ತಲೇ ಇರಲು ಗಾಳಿಯಲ್ಲಿ ಕನಿಷ್ಠ ಎಷ್ಟು ಆಮ್ಲಜನಕ ಬೇಕು ಅನ್ನೋದಕ್ಕೆ ಒಂದು ಸೂಚ್ಯಂಕ ಇದೆ. ಹತ್ತಿಗೆ ಅದು ಸುಮಾರು 18, ಉಣ್ಣೆಗೆ ಸುಮಾರು 25. ನಾವು ಉಸಿರಾಡುವ ಗಾಳಿಯಲ್ಲಿ ಇರೋದು 21. ಕಂಬಳಿ ತಾನಾಗಿ ಆರುತ್ತೆ, ಹತ್ತಿ ಯಾಕೆ ಧಗ್ಗನೆ ಹತ್ತುತ್ತೆ ಅನ್ನೋದು ಈ ಮೂರು ಅಂಕಿಗಳಲ್ಲೇ ಇದೆ.

ಅಮೆರಿಕದ ಎನ್‌ಎಫ್‌ಪಿಎ 701 ಪರೀಕ್ಷೆಯ ಮೊದಲ ವಿಧಾನದಲ್ಲಿ 150×400 ಮಿಲಿಮೀಟರ್ ತುಂಡುಗಳನ್ನು ತೂಗುಹಾಕಿ 45 ಸೆಕೆಂಡ್ ಜ್ವಾಲೆ ಹಿಡಿಯುತ್ತಾರೆ. ಸರಾಸರಿ ತೂಕ ಶೇ. 40ಕ್ಕಿಂತ ಹೆಚ್ಚು ಕಳೆದರೆ ಫೇಲು. ಕೆಳಗೆ ಬಿದ್ದ ಚೂರು ಸರಾಸರಿ 2 ಸೆಕೆಂಡಿಗಿಂತ ಹೆಚ್ಚು ಉರಿದರೂ ಫೇಲು. ಜರ್ಮನಿಗೆ ಬಿ1, ಫ್ರಾನ್ಸಿಗೆ ಎಂ1, ಬ್ರಿಟನ್ನಿಗೆ ಬಿಎಸ್ 5867. ಹಾಗಾಗಿ ಮಾಲು ಯಾವ ದೇಶಕ್ಕೆ ಅನ್ನೋದೇ ಮೊದಲ ಪ್ರಶ್ನೆ.

ಪಾಸಾಗಲು ಉಪಾಯ ಹಳೆಯದು. 1821ರಲ್ಲೇ ಗೇ-ಲ್ಯೂಸಾಕ್, ಅಮೋನಿಯಂ ಫಾಸ್ಫೇಟ್ ಮತ್ತು ಬಿಳಿಗಾರದಂಥ ಲವಣಗಳು ಬಟ್ಟೆಯ ಉರಿ ತಡೆಯುತ್ತವೆ ಅಂತ ತೋರಿಸಿದ. ರಂಜಕ ಇದ್ದರೆ ಹತ್ತಿ ಬಿಸಿಗೆ ಉರಿಯುವ ಆವಿಯಾಗೋ ಬದಲು ಹೆಚ್ಚಾಗಿ ಇದ್ದಿಲಾಗುತ್ತೆ. ಆದರೆ ಇಂಥ ಲವಣ ನೀರಿಗೆ ಬಿದ್ದರೆ ಹೋಯ್ತು. ಒಗೆದ ಮೇಲೂ ಉಳಿಯೋ ಲೇಪ ಕಾರ್ಖಾನೆಯಲ್ಲೇ ಆಗಬೇಕು. ಅದರ ಮೇಲೆ ಬೇರೆ ದಾರ, ಹಿಂದೆ ಅಸ್ತರ್ ಸೇರಿದರೆ ಬಟ್ಟೆಯೇ ಬೇರೆ. ಬರೀ ಬಟ್ಟೆಯ ವರದಿ ಸಾಕಾಗೋದಿಲ್ಲ, ಹೊಲಿದು ಮುಗಿಸಿದ ಪರದೆಯನ್ನೇ ಸುಟ್ಟು ನೋಡಬೇಕು. ತಿಂಗಳುಗಟ್ಟಲೆ ಹಾಕಿದ ಹೊಲಿಗೆಯನ್ನು ಸುಡೋಕೆ ಕೊಡಬೇಕು, ಮೇಲೆ ಫೀಜೂ ಕಟ್ಟಬೇಕು. ಇದನ್ನು ಕಾಕಿಗೆ ಹೇಳೋದು ಕಷ್ಟವಾಯ್ತು. ವ್ಯಾಪಾರಿ ಖರ್ಚು ಹೊರಲಿಲ್ಲ. ಆರ್ಡರ್ ಕೈತಪ್ಪಿತು.

ನಿಯಮದ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಅದು ಸುಮ್ಮನೆ ಹುಟ್ಟಿದ್ದಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯ ಬಹುಮಾನ ಸಮಾರಂಭದ ಸಿಂಥೆಟಿಕ್ ಶಾಮಿಯಾನ ಹತ್ತಿಕೊಂಡು 400ಕ್ಕೂ ಹೆಚ್ಚು ಜನ ಹೋದರು. ಎರಡೂ ಕಡೆ ತಲೆ ಮೇಲಿದ್ದದ್ದು ಬಟ್ಟೆ.

ಹೊರದೇಶದ ಹೋಟೆಲ್ಲಿನವರು ತಮ್ಮ ಅತಿಥಿಗಳಿಗಾಗಿ ಚೀಟಿ ಕೇಳ್ತಾರೆ. ನಮ್ಮೂರ ಜಾತ್ರೆಯ ಪೆಂಡಾಲಿಗೆ, ಮದುವೆ ಮಂಟಪಕ್ಕೆ, ನಮ್ಮ ಫೆಸ್ಟಿನ ಸ್ಟೇಜಿಗೆ ಯಾರು ಕೇಳ್ತಾರೆ? ಪರೀಕ್ಷೆ ಬೇಡ ಅನ್ನೋದು ನಮ್ಮ ವಾದವಲ್ಲ. ಅದರ ಖರ್ಚು ಹೊಲಿಯುವವರ ತಲೆಗೇ ಕಟ್ಟಬಾರದು, ಅದರ ಲಾಭ ರಫ್ತಿಗಷ್ಟೇ ಮೀಸಲಾಗಲೂಬಾರದು.

ಈಗ ಕಾಕಿ ಹೊಸ ವ್ಯಾಪಾರಿ ಬಂದರೆ ಎರಡು ಪ್ರಶ್ನೆ ಕೇಳ್ತಾರೆ: "ಯಾವ ದೇಶಕ್ಕ? ಸುಡೋ ಪೀಸಿನ ರೊಕ್ಕ ಯಾರು ಕೊಡ್ತೀರಿ?" ಈ ಸಲ ಫೆಸ್ಟಿಗೆ ಪೆಂಡಾಲ್ ಹಾಕುವವರಿಗೆ ನಾವೂ ಒಂದು ಪ್ರಶ್ನೆ ಕೇಳೋಣ: ಅಣ್ಣಾ, ಈ ಬಟ್ಟೆಗೆ ಚೀಟಿ ಐತೇನ್ರಿ?