ಮರೆತುದು, ಮರೆತುಹೋದುದು: ಡಚ್ ಕ್ರಿಯಾಪದವೊಂದರ ಭೂತಕಾಲ

ಡಚ್ ಭಾಷೆಯಲ್ಲಿ ‘ವೆರ್‌ಖೇಟನ್’ ಎಂದರೆ ಮರೆಯುವುದು. ಇಂಗ್ಲಿಷಿನ ‘ಫರ್ಗೆಟ್’ಗೆ ಇದು ಸೋದರಪದ; ಎರಡರ ಮೂಲದಲ್ಲಿಯೂ ಹಿಡಿದುದು ಕೈತಪ್ಪಿತೆಂಬ ಅರ್ಥ ಅಡಗಿದೆ. ಇದರ ಸರಳ ಭೂತರೂಪ ಏಕವಚನದಲ್ಲಿ ‘ವೆರ್‌ಖಟ್’, ಬಹುವಚನದಲ್ಲಿ ‘ವೆರ್‌ಖಾಟನ್’. ಹ್ರಸ್ವವು ದೀರ್ಘವಾಗುವುದನ್ನು ಗಮನಿಸಿದರೆ ಇಲ್ಲಿ ಕಲಿಯಬೇಕಾದುದು ಹೆಚ್ಚೇನಿಲ್ಲ. ಆದರೆ ಡಚ್ಚರು ಮಾತುಕತೆಯಲ್ಲಿ ಹೆಚ್ಚಾಗಿ ಬಳಸುವುದು ಸಹಾಯಕ ಕ್ರಿಯಾಪದವೂ ಭೂತಕೃದಂತವೂ ಕೂಡಿದ ರೂಪವನ್ನು. ತೊಡಕು ಹುಟ್ಟುವುದು ಅಲ್ಲಿ.

ಸಹಾಯಕಗಳು ಎರಡು. ‘ಹೆಬ್ಬನ್’ ಎಂಬುದು ಒಡೆತನವನ್ನು ಹೇಳುವ ಧಾತು. ‘ಜ಼ೈನ್’ ಎಂದರೆ ಇರು. ಕೊಡೆಯನ್ನು ಎಲ್ಲಿಯೋ ಬಿಟ್ಟುಬಂದವನು ‘ಇಕ್ ಹೆಪ್ ಮೈನ್ ಪಾರಾಪ್ಲ್ಯೂ ವೆರ್‌ಖೇಟನ್’ ಎನ್ನಬಹುದು. ಒಬ್ಬಳ ಹೆಸರು ನೆನಪಿನಿಂದ ಅಳಿಸಿಹೋಗಿದ್ದರೆ ‘ಇಕ್ ಬೆನ್ ಹಾರ್ ನಾಮ್ ವೆರ್‌ಖೇಟನ್’ ಎನ್ನಬೇಕು. ಮೊದಲನೆಯದು ಲೋಪ, ಎರಡನೆಯದು ಸ್ಥಿತಿ. ಬರುವುದು, ಸಾಯುವುದು ಮೊದಲಾದ ಅಕರ್ಮಕಗಳೊಡನೆ ಸಾಮಾನ್ಯವಾಗಿ ನಿಲ್ಲುವ ‘ಜ಼ೈನ್’, ಕರ್ಮಪದವಿರುವ ಕ್ರಿಯೆಯೊಂದಕ್ಕೂ ಒದಗುವುದು ವಿಶೇಷವೇ ಸರಿ. ಸರಳ ಭೂತವಾದರೋ ಈ ಭೇದವನ್ನು ಬಾಯಿಬಿಡುವುದಿಲ್ಲ.

ಕನ್ನಡಿಗನಿಗೆ ಇದು ತೀರ ಅಪರಿಚಿತವಲ್ಲ. ಕೊಡೆಯನ್ನು ಅವನು ‘ಮರೆತು ಬಂದೆ’ ಎನ್ನುತ್ತಾನೆ. ಹೆಸರು ಅವನಿಗೆ ‘ಮರೆತುಹೋಗಿದೆ’. ಆದರೆ ಸಾಮ್ಯ ಇಲ್ಲಿಗೇ ನಿಲ್ಲುತ್ತದೆ. ಕನ್ನಡದಲ್ಲಿ ಹೋಗುವುದು ಹೆಸರು; ಮರೆತವನು ‘ನನಗೆ’ ಎಂದು ಚತುರ್ಥಿಯಲ್ಲಿ ಒಂದು ಬದಿಗೆ ಸರಿದು ನಿಲ್ಲುತ್ತಾನೆ. ಕಳುಹಿಸದ ಕಾಗದಕ್ಕೂ, ತೀರಿಸದ ಸಾಲಕ್ಕೂ ‘ಮರೆತುಹೋಯಿತು’ ಎಂದು ಪಾರಾಗುವ ಜಾಣ್ಮೆ ಎಲ್ಲರಿಗೂ ಗೊತ್ತಿರುವುದೇ. ಡಚ್ಚಿನಲ್ಲಿ ಆ ಬದಿ ಇಲ್ಲ. ‘ಇಕ್’, ಎಂದರೆ ‘ನಾನು’, ಎರಡು ವಾಕ್ಯಗಳಲ್ಲಿಯೂ ಪ್ರಥಮಾ ವಿಭಕ್ತಿಯಲ್ಲಿಯೇ ಇರುತ್ತಾನೆ. ಹೆಸರು ಕರ್ಮಪದವಾಗಿ ಇದ್ದಲ್ಲಿಯೇ ಉಳಿಯುತ್ತದೆ, ಬದಲಾದವನು ಮರೆತವನು.

ಇಂದಿನ ಆಡುನುಡಿಯಲ್ಲಿ ‘ಬೆನ್’ ಕೊಡೆಯ ವಾಕ್ಯಕ್ಕೂ ಧಾರಾಳವಾಗಿ ಬರುತ್ತದೆ. ವ್ಯಾಕರಣಜ್ಞರೂ ಅದನ್ನು ತಪ್ಪೆನ್ನುವುದಿಲ್ಲ. ಲೋಪವನ್ನು ಸ್ಥಿತಿಯೆಂದು ಹೇಳಿಕೊಳ್ಳುವ ಆಸೆ ಡಚ್ಚರಿಗೂ ಇದ್ದೀತು. ವಿರುದ್ಧ ದಿಕ್ಕಿನ ಚಲನೆ ಮಾತ್ರ ನೆದರ್ಲೆಂಡ್ಸಿನ ಶಿಷ್ಟಭಾಷೆಗೆ ಒಗ್ಗಿಲ್ಲ. ಮುಪ್ಪಿನ ಮರೆವಿನಲ್ಲಿ ಮಗಳ ಹೆಸರನ್ನೇ ಕಳೆದುಕೊಂಡ ತಾಯಿಯ ಬಾಯಲ್ಲಿ ‘ಹೆಪ್’ ಸಲ್ಲದು. ಆಕೆ ಹೇಳುವುದು ‘ಇಕ್ ಬೆನ್’ ಎಂದು. ಮಗಳೂ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುವುದು ಅದನ್ನೇ.