ಅಕ್ಕಿ ಹೊತ್ತ ಮಂಜಿಗಳು

ದೇವನಹಳ್ಳಿಯ ನಮಗೆ ಕಡಲು ದೂರ. ಆದರೂ ಟಿಪ್ಪು ಸುಲ್ತಾನ್ ಹುಟ್ಟಿದ ಈ ಊರಿಗೆ ಲಕ್ಷದ್ವೀಪದೊಂದಿಗೆ ಹಳೆಯ ನಂಟಿದೆ. ಅದನ್ನು ತಿಳಿಯಲು ಮಂಗಳೂರಿನ ಹಳೆ ಬಂದರಿಗೆ ಹೋಗಬೇಕು.

ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಕಡೆ ಈ ಬಂದರು ಇದೆ. ದ್ವೀಪಗಳಿಗೆ ಅಕ್ಕಿ, ತರಕಾರಿ, ಸಿಮೆಂಟು ಒಯ್ಯುವ ಮರದ ಹಡಗಿಗೆ ಇಲ್ಲಿ ಮಂಜಿ ಎನ್ನುತ್ತಾರೆ. ಒಂದು ಕಾಲದಲ್ಲಿ ಮಂಜಿಗೆ ಹಾಯಿಯೇ ಆಧಾರ, ಗಾಳಿ ಬೀಸಿದರೆ ಪ್ರಯಾಣ. ಆಮೇಲೆ ಡೀಸೆಲ್ ಇಂಜಿನ್ ಬಂತು. ಮೈ ಮಾತ್ರ ಮರದ್ದೇ ಉಳಿಯಿತು.

1780ರ ದಶಕದಲ್ಲಿ ಅಮಿನಿ ದ್ವೀಪದವರು ಕಣ್ಣೂರು ಅರಸು ಮನೆತನದ ಆಡಳಿತಕ್ಕೆ ಬೇಸತ್ತು ಟಿಪ್ಪುವಿನ ಆಶ್ರಯ ಕೇಳಿದರು. ಅಮಿನಿ ಮತ್ತು ಅದರ ಸುತ್ತಲಿನ ದ್ವೀಪಗಳು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಪಾಲಾಗಿ, ಮಂಗಳೂರಿನಿಂದಲೇ ಆಳಲ್ಪಟ್ಟವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾದವು. ಗಡಿ ಬದಲಾಯಿತು, ಮಂಜಿಯ ದಾರಿ ಅಳಿಯಲಿಲ್ಲ.

ಮಳೆಗಾಲದಲ್ಲಿ ಮಂಜಿಗಳು ಹೊರಡುವುದಿಲ್ಲ. ಅದಕ್ಕೆ ಮುಂಚೆಯೇ ದ್ವೀಪದ ಮನೆಗಳಲ್ಲಿ ಅಕ್ಕಿ, ಬೇಳೆ ಕೂಡಿಡಬೇಕು. ಸಹೋದರಿಯರೇ, ಈರುಳ್ಳಿ ಮುಗಿದರೆ ನಾವು ಮಗನನ್ನು ಮೂಲೆಯಂಗಡಿಗೆ ಕಳಿಸುತ್ತೇವೆ. ಸುಮಾರು 300 ಕಿ.ಮೀ. ಆಚೆಯ ಆ ತಾಯಂದಿರಿಗೆ ಅಂಗಡಿ ತುಂಬಬೇಕಾದರೆ ಕಡಲು ಶಾಂತವಾಗಬೇಕು.