ಬೆಳ್ಳನೆಯ ಮುಂಜಾವು

ಮುಲುಂಡಿನ ನಮಗೆ ಚಳಿಯೆಂದರೆ ಬೆಳಗಿನ ಲೋಕಲಿಗೆ ಹೊರಡುವಾಗ ಕೊರಳಿಗೊಂದು ಮಫ್ಲರ್, ಯೇವೂರ್ ಗುಡ್ಡದ ಮೇಲೊಂದು ತೆಳು ಮಂಜು, ಅಷ್ಟೇ. 1962ರ ಜನವರಿ 22ರಂದು ಸಾಂತಾಕ್ರೂಜ್‌ನಲ್ಲಿ ಉಷ್ಣಮಾನ 7.4 ಡಿಗ್ರಿಗೆ ಇಳಿದದ್ದನ್ನೇ ಹಿರಿಯರು ಇಂದಿಗೂ ದೊಡ್ಡದಾಗಿ ಹೇಳುತ್ತಾರೆ.

ಗಿಡಮರ ಬೆಳ್ಳಗಾಗುವುದನ್ನು ನಾವು ಕಂಡದ್ದು ನೀಲಗಿರಿಯಲ್ಲಿ, ಕಚೇರಿಗೆ ರಜೆ ಹಾಕಿ ಸಂಸಾರಸಮೇತ ಉದಕಮಂಡಲಕ್ಕೆ ಹೋಗಿದ್ದ ಒಂದು ಜನವರಿಯಲ್ಲಿ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಕಾವು ಆಕಾಶದ ಪಾಲಾಗುತ್ತದೆ. ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಅಲ್ಲಿ ಗಾಳಿಯೊಳಗಿನ ತೇವವೇ ಎಲೆಯಂಚಿನಲ್ಲಿ ಹರಳುಗಟ್ಟುತ್ತದೆ. ಬೆಳಗಾದಾಗ ಹುಲ್ಲು, ಬೇಲಿ, ಚಹದ ಗಿಡ ಎಲ್ಲಕ್ಕೂ ಸಕ್ಕರೆ ಉದುರಿಸಿದಂತಿತ್ತು. ಮಕ್ಕಳು ಕುಣಿದಾಡಿದರು.

ತೋಟದ ಬಡಗ ಅಜ್ಜಿಯೊಬ್ಬರು ಮಾತ್ರ ಮಾತಿಲ್ಲದೆ ನಿಂತಿದ್ದರು. ಅವರ ನುಡಿ ನಮ್ಮ ಕನ್ನಡಕ್ಕೆ ಹತ್ತಿರದ್ದು, ವಿಚಾರಿಸಿದಾಗ ತಿಳಿಯಿತು. ಎಲೆಯೊಳಗಿನ ನೀರೂ ಹೆಪ್ಪುಗಟ್ಟಿರುತ್ತದೆ. ಬಿಸಿಲೇರಿದ ಮೇಲೆ ಚಿಗುರೆಲ್ಲ ಸುಟ್ಟಂತೆ ಕರಕಾಗುತ್ತದೆ. ಮತ್ತೆ ಚಿಗುರುವವರೆಗೆ ಕೀಳಲು ಎಲೆಯಿಲ್ಲ, ಕೈಯಲ್ಲಿ ಕಾಸಿಲ್ಲ. ಅದನ್ನು ಕೇಳಿ ನಮ್ಮ ಮನೆಯವರು ಮಕ್ಕಳನ್ನು ಮೆಲ್ಲನೆ ಹತ್ತಿರ ಕರೆದುಕೊಂಡರು.

ನೋಡಿದ ಸಂತೋಷ ನಮ್ಮದು, ನಷ್ಟ ಅವರದು. ಚಳಿಗಾಲದಲ್ಲಿ ಆ ಕಡೆಗೆ ಹೋಗುವ ನಮ್ಮ ಬಂಧುಗಳು ಆ ಬೆಳ್ಳನೆಯ ಮುಂಜಾವನ್ನು ಅವಶ್ಯವಾಗಿ ನೋಡಲಿ. ಹಾಗೆಯೇ ತೋಟದವರೊಡನೆ ಎರಡು ಮಾತನಾಡಿ ಬರಲಿ. ಮಾತು ಅವರಿಗೂ ತಿಳಿಯುತ್ತದೆ, ನಮಗೂ ತಿಳಿಯುತ್ತದೆ.